ಮಕ್ಕಳ ಕೈಯಾಗ ಕವಡಿ ಕೊಡ್ರಿ

ಹ್ವಾದ ತಿಂಗಳ ಒಂದಿನ ಸಂಜಿಮುಂದ ಬಾಜೂಮನಿ ವೈನಿ ಮಗಳು ಗಣಿತದ ಪುಸ್ತಕ ಹಿಡಕೊಂಡು ನಮ್ಮ ಪಡಸಾಲಿಗೆ ಬಂದ್ಳು. ಈ ವರ್ಷ ಎಸ್ಸೆಸ್ಸೆಲ್ಸಿ. ಮುಖದ ಮ್ಯಾಲೆ ಕಳೆನ ಇಲ್ಲ. "ಮಾಮಿ, 52 ಎಲಿಯೊಳಗ ಒಂದು ತಗದ್ರ ಅದು ಕೆಂಪು ರಾಜಾ ಆಗೋ ಸಂಭವನೀಯತೆ ಎಷ್ಟು ಅಂತ ಕೇಳ್ಯಾರ. ಉತ್ತರ 1/26. ಬಾಯಿಪಾಠ ಆಗೇದ. ಆದ್ರ ಯಾಕ ಹಂಗ ಅಂತ ತಿಳೀವಲ್ದು" ಅಂದ್ಳು.

"ಇಸ್ಪೀಟ್ ಎಲಿ ನೋಡೀಯೇನವಾ?"

"ಇಲ್ರಿ. ನಮ್ಮನ್ಯಾಗ ಅದರ ಹೆಸರೂ ತಗಿಯಂಗಿಲ್ಲ."

ನೋಡ್ರಿ ಮಜಾ. ಮನ್ಯಾಗ ಇಸ್ಪೀಟ್ ಬ್ಯಾಡ ಅಂತ ನಾವು, ಇಸ್ಪೀಟಿನ ಲೆಕ್ಕ ಬರಲಿಲ್ಲಂದ್ರ ಮಾರ್ಕ್ಸ್ ಇಲ್ಲ ಅಂತ ಪಠ್ಯಪುಸ್ತಕ. ಪಾಪ ಆ ಹುಡುಗಿ ಎಂದೂ ನೋಡದ ರಾಜಾ, ರಾಣಿ, ಗುಲಾಮರನ್ನ ಕಣ್ಣ ಮುಚ್ಚಿ ಎಣಿಸಬೇಕು. ಕಡಬು ತಿನ್ನದಾಕಿಗೆ ಕಡಬಿನ ಹೂರಣ ಹ್ಯಾಂಗಿತ್ತು ಅಂತ ಕೇಳಿದಂಗ ಆತು.

ನಾ ಹದಿನೆಂಟು ವರ್ಷ ಹೈಸ್ಕೂಲಿನ್ಯಾಗ ಗಣಿತ ಕಲಿಸಿದಾಕಿ. ಖರೇ ಹೇಳತೇನಿ, ಆ ಹದಿನೆಂಟೂ ವರ್ಷ ಈ ಪಾಠ ಬಂದಾಗ ಬೋರ್ಡಿನ ಮ್ಯಾಲೆ ಒಂದು ನಾಣ್ಯದ ಚಿತ್ರ, ಒಂದು ದಾಳದ ಚಿತ್ರ ತಗದು, ಸೂತ್ರ ಬರೆಸಿ ಮುಗಿಸಿಬಿಡತಿದ್ದೆ. ಪರೀಕ್ಷಾದಾಗ ಮೂರು ನಾಕು ಮಾರ್ಕಿನ ಪಾಠ, ಯಾರು ತಲಿ ಕೆಡಿಸ್ಕೋಬೇಕು? ಆದ್ರ ಅವತ್ತ ಆ ಹುಡುಗಿ ಮಾರಿ ನೋಡಿ ಸುಮ್ಮನ ಕೂಡಲಿಕ್ಕೆ ಆಗಲಿಲ್ಲ. ಅಡಗಿಮನಿಗೆ ಹೋಗಿ ನಾಕು ಹುಣಸಿ ಬೀಜ ತಂದೆ. ಕಟ್ಟಿ ಮ್ಯಾಲಿನ ಕಲ್ಲಿಗೆ ಒಂದು ಬಾಜೂ ಉಜ್ಜಿ ಬೆಳ್ಳಗ ಮಾಡಿದೆ. ಕೆಳಗ ಸೀಮಿಸುಣ್ಣದಿಂದ ಐದ ಅಡ್ಡ, ಐದ ಉದ್ದ ಮನಿ ಬರದೆ. "ಪುಸ್ತಕ ಮುಚ್ಚು, ಚೌಕಾಬಾರಾ ಆಡೋಣು ಬಾ" ಅಂದೆ.

ಎರಡ ದಿನದಾಗ ಓಣಿಯ ಇನ್ನೂ ಮೂರು ಹುಡುಗೂರು ಕೂಡಿದ್ವು. ಮೂರನೇ ದಿನಕ್ಕ ನಮ್ಮ ಕಾಕುನ ಫೋನ್ ಬಂತು.

"ಅಲ್ಲಽ ನಮ್ಮವ್ವಾ, ಓಣಿ ಹುಡುಗೂರನ್ನ ಕೂಡಿಸ್ಕೊಂಡು ಜೂಜ ಕಲಸ್ಲಿಕತ್ತೀ ಅಂತಲ್ಲ? ನಮ್ಮ ಮನಿತನದಾಗ ಹುಟ್ಟಿ ನೀ ಹಿಂಗ ಮಾಡೋದಽ?"

ಬ್ಯಾರೆ ಯಾರರ ಅಂದಿದ್ರ ನಕ್ಕು ಬಿಡತಿದ್ದೆ. ಕಾಕು ಅಂದಾಗ ನಗಲಿಕ್ಕೆ ಬರಂಗಿಲ್ಲ. ಯಾಕಂತ ನಮ್ಮ ಮಂದಿಗೆ ಗೊತ್ತದ, ಗೊತ್ತಿಲ್ಲದವರಿಗೆ ಹೇಳತೇನಿ. ನಮ್ಮ ಕಾಕಾಗ ಮಟಕಾ ಹುಚ್ಚಿತ್ತು. ಓಸಿ ಅಂತಾರಲ್ಲ, ಅದಽ. ಅವರ ಕಿಸೆದಾಗ ಒಂದು ಸಣ್ಣ ನೋಟಬುಕ್ ಇರತಿತ್ತು. ದಿನಾ ಬಂದ ನಂಬರು ಎಲ್ಲಾ ತಾರೀಖಿನ ಪ್ರಕಾರ ಬರದಿಡೋರು. ಅಕ್ಷರ ಮುತ್ತಿನಂಗ. "ಈ ತಿಂಗಳ 7 ಬಂದೇ ಇಲ್ಲ, ಇನ್ನ ಬರಲೇಬೇಕು" ಅಂತ ಲೆಕ್ಕ ಹಾಕೋರು. ಮೊದಲು ಕಾಕುನ ಪಾಟ್ಲಿ ಹೋದ್ವು, ಆಮ್ಯಾಲೆ ಬಿಲ್ವರ, ಕಡೀಕ ಎರಡೆಕರೆ ಹೊಲ. ಆವತ್ತಿನಿಂದ ನಮ್ಮ ಮನ್ಯಾಗ ಇಸ್ಪೀಟ್ ಅಷ್ಟ ಅಲ್ಲ, ಅಜ್ಜಿ ಕಾಲದ ಕವಡಿ ಚೀಲ ಸುದ್ದಾ ಅಟ್ಟದ ಮ್ಯಾಲೆ ಹೋತು. ದೀಪಾವಳಿ ಪಾಡ್ಯಾಕ್ಕ ಎಲ್ಲಾರ ಮನ್ಯಾಗ ಪಗಡಿ, ಕವಡಿ ಆಡಿದ್ರ ನಮ್ಮ ಮನ್ಯಾಗ ಬಾಗಲ ಮುಚ್ಚಿಕೊಂಡು ಕೂಡೋದು.

ಹಂಗಾಗಿ ಕಾಕುನ ಮಾತಿಗೆ ಉತ್ತರ ಫೋನಿನ್ಯಾಗ ಕೊಡಲಿಕ್ಕೆ ಆಗಲಿಲ್ಲ. ಕೂತು ಬರೀತೇನಿ. ನನ್ನ ಅಭಿಪ್ರಾಯ ಇಷ್ಟ: ಕಾಕಾ ಕೆಟ್ಟಿದ್ದು ಕವಡಿ ಗೊತ್ತಿದ್ದಕ್ಕ ಅಲ್ಲ, ಕವಡಿ ಲೆಕ್ಕ ಗೊತ್ತಿಲ್ಲದ್ದಕ್ಕ. ಮಕ್ಕಳನ್ನ ಜೂಜಿನಿಂದ ಕಾಯಬೇಕಂದ್ರ ಕವಡಿ ಮುಚ್ಚಿಡಬ್ಯಾಡ್ರಿ, ಅವರ ಕೈಯಾಗ ಕೊಡ್ರಿ. ರೊಕ್ಕ ಇಲ್ಲದ, ಪೆನ್ಸಿಲ್ ಹಾಳಿ ಜೋಡಿ.

ಈಗ ನಾವು ಮಾಡಿದ್ದೇನಂತ ಹೇಳತೇನಿ.

ನಾಕು ಬೀಜ. ಒಂದು ಬೆಳ್ಳಗಾದ್ರ ಒಂದು, ಎರಡು ಬೆಳ್ಳಗಾದ್ರ ಎರಡು, ಮೂರಾದ್ರ ಮೂರು, ನಾಕೂ ಬೆಳ್ಳಗಾದ್ರ ಚೌಕಾ, ನಾಕೂ ಕರೀದಾದ್ರ ಬಾರಾ, ಅಂದ್ರ ಎಂಟು. ಚೌಕಾ, ಬಾರಾ ಬಿದ್ರ ಇನ್ನೊಮ್ಮೆ ಒಗೀಬೇಕು. ಇದು ನಮಗೆಲ್ಲಾ ಗೊತ್ತಿದ್ದದ್ದ. ಮೊದಲನೇ ದಿನ ಏನೂ ಕಲಸಲಿಲ್ಲ, ಆಡಿಸಿದೆ ಅಷ್ಟ. ಎರಡನೇ ದಿನ ಕೇಳಿದೆ: "ಎಲ್ಲಾಕಿಂತ ಭಾಳ ಬೀಳೋ ಗರ ಯಾವುದು?" ಒಬ್ಬ "ಒಂದು" ಅಂದ. ಒಬ್ಬಾಕಿ "ಮೂರು" ಅಂದ್ಳು. ಇನ್ನೊಬ್ಬ "ಎಲ್ಲಾ ಸರಿಸಮ ಬೀಳತಾವ, ಐದು ಗರ ಅವ, ಐದರಾಗ ಒಂದೊಂದು ಪಾಲು" ಅಂದ. ಅವನ ಮಾತು ಕೇಳಲಿಕ್ಕೆ ಎಷ್ಟು ಸರಿ ಅನಸತದ ನೋಡ್ರಿ! ದೊಡ್ಡವರೂ ಭಾಳ ಮಂದಿ ಹಂಗಽ ಅಂತಾರ.

"ವಾದ ಬ್ಯಾಡ, ಎಣಿಸ್ರಿ" ಅಂದೆ. 200 ಸಲ ಒಗದ್ರು. ಬಾಜೂಮನಿ ಹುಡುಗಿ ಗೀಟ ಹಾಕಿಕೋತ ಬರದ್ಳು. ಬಾರಾ 9, ಒಂದು 46, ಎರಡು 78, ಮೂರು 52, ಚೌಕಾ 15. ಎಲ್ಲಾ ಕೂಡಿಸಿದ್ರ 200 ಸರಿ.

ಹುಡುಗೂರು ಬೆರಗಾದ್ವು. ಎರಡು ಅನ್ನೋದು ಬಾರಾಕಿಂತ ಎಂಟಪಟ್ಟು ಹೆಚ್ಚು ಬಿದ್ದದ! ಯಾಕ? ಆಗ ಬೀಜಕ್ಕ 1, 2, 3, 4 ಅಂತ ಪೆನ್ನಿನಿಂದ ನಂಬರ್ ಬರದೆ. ನಾಕೂ ಕರೀದಾಗಲಿಕ್ಕೆ ದಾರಿ ಒಂದಽ. ನಾಕೂ ಬೆಳ್ಳಗಾಗಲಿಕ್ಕೂ ದಾರಿ ಒಂದಽ. ಒಂದಽ ಬೆಳ್ಳಗಾಗಬೇಕಂದ್ರ ಅದು ಒಂದನೇದಿರಬಹುದು, ಎರಡನೇದು, ಮೂರನೇದು, ನಾಕನೇದು, ಹಿಂಗ ನಾಕು ದಾರಿ. ಮೂರು ಬೆಳ್ಳಗಂದ್ರ ಒಂದು ಕರೀದು, ಅದಕ್ಕೂ ನಾಕು ದಾರಿ. ಎರಡು ಬೆಳ್ಳಗಂದ್ರ? 1-2, 1-3, 1-4, 2-3, 2-4, 3-4. ಆರು ದಾರಿ. ಕೂಡಿಸ್ರಿ: 1, 4, 6, 4, 1. ಒಟ್ಟು 16. ಎರಡು ಬೀಳೋದು 16ರಾಗ ಆರು ಪಾಲು, ಬಾರಾ ಬೀಳೋದು 16ರಾಗ ಒಂದಽ ಪಾಲು.

200 ಒಗದ್ರ ಎರಡು ಅನ್ನೋದು 75 ಸಲ ಬೀಳಬೇಕಿತ್ತು, ನಮಗ 78 ಬಿತ್ತು. ಬಾರಾ 12-13 ಸಲ ಬೀಳಬೇಕಿತ್ತು, 9 ಬಿತ್ತು. "ಮಾಮಿ, ಲೆಕ್ಕ ತಪ್ಪೇದ" ಅಂದ್ಳು ಒಬ್ಬಾಕಿ. ಲೆಕ್ಕ ತಪ್ಪಿಲ್ಲವಾ. ಒಂದು, ಬೀಜ ಅಂದ್ರ ನಾಣ್ಯ ಅಲ್ಲ, ಅದರ ಉಬ್ಬು ತಗ್ಗು ನಾವು ಉಜ್ಜಿದಂಗ. ಬೆಳ್ಳಗ ಬೀಳೋದು ಕರೆಕ್ಟ್ ಅರ್ಧಾ ಇರಲಿಕ್ಕಿಲ್ಲ. ಕವಡಿ ಅಂತೂ ಹುಟ್ಟಾ ವಾಕಡಿ. ಎರಡು, ನಸೀಬ ಅನ್ನೋದು ಪ್ರತಿ 16ಕ್ಕ ಹಾಜರಿ ಹಾಕಿ ಹೋಗೋ ಗುಮಾಸ್ತ ಅಲ್ಲ. ಸ್ವಲ್ಪ ಹೆಚ್ಚು ಕಡಿಮಿ ಆಗತದ. ಹೆಚ್ಚ ಹೆಚ್ಚ ಒಗದಂಗ ಪಾಲು ಸಮೀಪ ಬರತದ. ಪಾಠದಾಗ "ಪ್ರಾಯೋಗಿಕ ಸಂಭವನೀಯತೆ", "ಸೈದ್ಧಾಂತಿಕ ಸಂಭವನೀಯತೆ" ಅಂತ ಎರಡು ಹೆಸರಿಟ್ಟಾರಲ್ಲ, ಅವೆರಡರ ನಡುವಿನ ಫರಕು ಆ ಹುಡುಗಿಗೆ ಅವತ್ತ ಬೆರಳಿನ ತುದಿಗೆ ತಿಳೀತು.

ಈ 1-4-6-4-1 ಸಾಲು ನಿಮಗ ರಂಗೋಲಿ ಹಾಕಿದಂಗ ಹಾಕಿ ತೋರಸಬಹುದು. ಮ್ಯಾಲೆ ಒಂದು 1. ಅದರ ಕೆಳಗ 1, 1. ಅದರ ಕೆಳಗ 1, 2, 1. ಆಮ್ಯಾಲೆ 1, 3, 3, 1. ಮ್ಯಾಲಿನ ಎರಡು ಚುಕ್ಕಿ ಕೂಡಿಸಿದ್ರ ಕೆಳಗಿನ ಚುಕ್ಕಿ. ಇದಕ್ಕ ನಮ್ಮ ಹಳೇ ಛಂದಸ್ಸಿನವರು ಮೇರು ಪ್ರಸ್ತಾರ ಅಂದ್ರು. ಪ್ಯಾಸ್ಕಲನ ತ್ರಿಕೋನ ಅಂತ ಪುಸ್ತಕದಾಗ ಬರೋದೂ ಇದಽ. ಫ್ರಾನ್ಸಿನ ಆ ಪ್ಯಾಸ್ಕಲ್ ಮತ್ತ ಫರ್ಮಾ ಅನ್ನೋರು 1654ರಾಗ ಒಬ್ಬರಿಗೊಬ್ಬರು ಕಾಗದ ಬರದು ಈ ಸಂಭವನೀಯತೆ ಶಾಸ್ತ್ರಕ್ಕ ಬುನಾದಿ ಹಾಕಿದ್ರು. ಯಾವುದರ ಮ್ಯಾಲೆ ಬರದ್ರು ಅಂತೀರಿ? ಅರ್ಧಕ್ಕ ನಿಂತ ಜೂಜಿನ ಪಣ ಹ್ಯಾಂಗ ಹಂಚಬೇಕು ಅನ್ನೋದರ ಮ್ಯಾಲೆ! ಶಾಸ್ತ್ರ ಹುಟ್ಟಿದ್ದಽ ಆಟದಾಗ. ಆಟ ತಗದು ಶಾಸ್ತ್ರ ಕಲಸೋದು ಹ್ಯಾಂಗ?

ಅಷ್ಟ ದೂರ ಯಾಕ, ನಮ್ಮ ಮಳಖೇಡ ನೋಡ್ರಿ. ಈಗಿನ ಕಲಬುರಗಿ ಜಿಲ್ಲಾ. ಒಂಬತ್ತನೇ ಶತಮಾನದಾಗ ಅಲ್ಲಿ ಅಮೋಘವರ್ಷ ನೃಪತುಂಗ ಆಳತಿದ್ದಾಗ ಮಹಾವೀರಾಚಾರ್ಯ ಅನ್ನೋ ಜೈನ ಪಂಡಿತರು "ಗಣಿತಸಾರಸಂಗ್ರಹ" ಬರದ್ರು. ಇಷ್ಟು ಸಾಮಾನಿನಾಗ ಇಷ್ಟನ್ನ ಎಷ್ಟು ಥರ ಆರಿಸಬಹುದು ಅನ್ನೋದಕ್ಕ ಅದರಾಗ ಸೂತ್ರ ಕೊಟ್ಟಾರ. ನಾಕು ಬೀಜದಾಗ ಎರಡು ಆರಿಸಬೇಕಂದ್ರ ನಾಕು ಗುಣಿಸು ಮೂರು, ಭಾಗಿಸು ಎರಡು, ಆರು. ಅವರ ಒಂದು ಉದಾಹರಣಿ ಏನು ಗೊತ್ತೇನು? ಅಡಗಿದು! ಸಿಹಿ, ಹುಳಿ, ಖಾರ, ಉಪ್ಪು, ಕಹಿ, ಒಗರು, ಈ ಆರು ರುಚಿ ಕೂಡಿಸಿ ಎಷ್ಟು ಥರ ಮಾಡಬಹುದು ಅಂತ. ಒಂದೊಂದಽ, ಎರಡೆರಡು, ಮೂರಮೂರು ಹಿಂಗ ಆರರತನಕ ಕೂಡಿಸಿದ್ರ 63 ಆಗತಾವ. ನಮ್ಮ ಒಗ್ಗರಣಿ ಡಬ್ಬಿ ಮುಂದ ಕೂತು ಮಕ್ಕಳಿಗೆ ಹೇಳಬಹುದಾದ ಲೆಕ್ಕ ಅದು.

ನಮ್ಮ ಅಜ್ಜಿಗೆ ಈ ಸೂತ್ರ ಗೊತ್ತಿರಲಿಲ್ಲ. ಆದ್ರ ಚೌಕಾಬಾರಾ ಆಡೋವಾಗ ಅಕಿ ಒಂದು ಮಾತು ಹೇಳತಿದ್ಳು: "ಎರಡರ ಮುಂದ ಕೂಡಬ್ಯಾಡ, ಹೊಡಸ್ಕೋತಿ." ಅಂದ್ರ ಎದುರಿನವರ ಕಾಯಿಯಿಂದ ಎರಡು ಮನಿ ದೂರ ನಿನ್ನ ಕಾಯಿ ಇಡಬ್ಯಾಡ, ಎರಡರ ಗರ ಭಾಳ ಬೀಳತದ ಅಂತ. ಕೂಡೋದಿದ್ರ ನಾಕು ಮನಿ ದೂರ ಕೂಡು, ಚೌಕಾ ಎಲ್ಲೋ ಒಮ್ಮೆ ಬೀಳೋದು. ಆರಕ್ಕ ಒಂದರ ಫರಕು ಅದು. ಸಾಲಿ ಕಟ್ಟಿ ಹತ್ತದಾಕಿ ಇದನ್ನ ಕೈ ಅನುಭವದಾಗ ಕಲತಿದ್ಳು. ಅಂಥಾ ಆಟಾನ ನಾವು ಅಟ್ಟಕ್ಕ ಹಾಕಿ, ಮಕ್ಕಳಿಗೆ "ಗಣಿತ ಯಾಕ ಬರವಲ್ದು ನಿನಗ" ಅಂತ ಬಯ್ಯತೇವಿ.

ಇನ್ನ ಎರಡನೇ ಪಾಠ. ಇದಽ ಎಲ್ಲಾಕಿಂತ ದೊಡ್ಡದು.

ಒಬ್ಬ ಹುಡುಗಗ ಒಂದಿನ ಹತ್ತು ಸಲ ಒಗದ್ರೂ ಚೌಕಾನೂ ಬೀಳಲಿಲ್ಲ, ಬಾರಾನೂ ಬೀಳಲಿಲ್ಲ. ಕಣ್ಣಾಗ ನೀರು. "ನನ್ನ ನಸೀಬಽ ಖೊಟ್ಟಿ" ಅಂದ. ಇನ್ನೊಬ್ಬಾಕಿ ಸಮಾಧಾನ ಮಾಡಿದ್ಳು, "ಅಳಬ್ಯಾಡೋ, ಹತ್ತ ಸಲ ಬಿದ್ದಿಲ್ಲಂದ್ರ ಈ ಸಲ ಬೀಳಲೇಬೇಕು."

ಆ ಮಾತು ಕೇಳಿ ನನ್ನ ಎದಿ ಝಲ್ ಅಂತು. ಕಾಕಾನ ನೋಟಬುಕ್ಕಿನ ಮಾತಽ ಅದು. "7 ಬಂದಿಲ್ಲ, ಇನ್ನ ಬರಲೇಬೇಕು."

ಎರಡೂ ತಪ್ಪು. ಚೌಕಾ ಅಥವಾ ಬಾರಾ ಬೀಳೋದು 16ರಾಗ ಎರಡು ಪಾಲು, ಅಂದ್ರ ಎಂಟರಾಗ ಒಂದು. ಹತ್ತ ಸಲ ಒಗದ್ರೂ ಒಂದೂ ಬೀಳದಽ ಇರೋದು ಹೆಚ್ಚು ಕಡಿಮಿ ನಾಕು ಮಕ್ಕಳಾಗ ಒಂದಕ್ಕ ಆಗೋ ಮಾತು. ಅದಕ್ಕ ನಸೀಬ, ಶನಿ, ದೃಷ್ಟಿ ಏನೂ ಬ್ಯಾಡ. ಮತ್ತ ಹನ್ನೊಂದನೇ ಸಲಾನೂ ಅದಽ ಎಂಟರಾಗ ಒಂದು. ಹೆಚ್ಚಿಲ್ಲ, ಕಡಿಮಿ ಇಲ್ಲ. ಯಾಕಂದ್ರ ಹಿಂದ ಏನು ಬಿತ್ತು ಅನ್ನೋದು ನಮಗ ನೆನಪದ, ಬೀಜಕ್ಕ ನೆನಪಿರಂಗಿಲ್ಲ. ಅದು ಹುಣಸಿ ಬೀಜ. ಅದಕ್ಕ ಋಣ ಇಲ್ಲ, ಹಟ ಇಲ್ಲ, ಕರುಣಾ ಇಲ್ಲ.

ಈ ಮಾತು ಹುಡುಗೂರು ನಂಬಲಿಲ್ಲ. ನಂಬಬಾರದು ಕೂಡ, ಎಣಿಸಬೇಕು. ಮತ್ತ 200 ಸಲ ಒಗದು, ಐದು ಸಲ ಬರೇ ಸಾದಾ ಗರ ಬಿದ್ದಾದ ಮ್ಯಾಲೆ ಮುಂದಿಂದು ಏನು ಬಿತ್ತು ಅಂತಷ್ಟ ಬರಕೊಳ್ಳಿಕ್ಕೆ ಹೇಳಿದೆ. ಬೀಳೋದೇನೂ ಹೆಚ್ಚಾಗಲಿಲ್ಲ ಅಂತ ಅವರಽ ಕಂಡುಕೊಂಡ್ರು.

ಮೂರನೇ ಆಟ ಹೇಳಿದ್ರ ಕಾಕು ಇನ್ನೂ ಸಿಟ್ಟಾಗತಾಳ, ಆದ್ರೂ ಹೇಳತೇನಿ. ಮನ್ಯಾಗ ಮಟಕಾ ಅಂಗಡಿ ಇಟ್ಟೆ! 0 ರಿಂದ 9 ರತನಕ ಹತ್ತು ಚೀಟಿ ಬರದು ಡಬ್ಬಿಗೆ ಹಾಕಿದೆ. ರೊಕ್ಕದ ಬದಲಿ ಶೇಂಗಾ. ಪ್ರತಿಯೊಬ್ಬರಿಗೂ 20 ಶೇಂಗಾ. ಒಂದು ಶೇಂಗಾ ಹಚ್ಚಿ ನಂಬರ್ ಹೇಳು, ಬಂದ್ರ ಎಂಟು ಕೊಡತೇನಿ. ಒಂದಕ್ಕ ಎಂಟು! ಹುಡುಗೂರ ಕಣ್ಣು ಅರಳಿದ್ವು. ಮೊದಲ ಹತ್ತು ಮಿನಿಟಿನ್ಯಾಗ ಒಬ್ಬಗ ಎರಡು ಸಲ ಹತ್ತಿತು. ಅವನ ಕುಣದಾಟ ನೋಡಬೇಕಿತ್ತು. ಒಂದು ತಾಸಿಗೆ ಮೂರು ಮಂದಿ ಕೈ ಖಾಲಿ, ಒಬ್ಬನ ಹತ್ರ 23 ಉಳದಿದ್ವು. ಹುಡುಗೂರ 80 ಶೇಂಗಾದಾಗ 57 ನನ್ನ ಡಬ್ಬಿಯೊಳಗ.

"ಮಾಮಿ, ನೀವು ಮೋಸ ಮಾಡೀರಿ" ಅಂದ್ರು. "ಹಂಗಾದ್ರ ನಾಳೆ ನೀವು ಅಂಗಡಿ ಇಡ್ರಿ" ಅಂದೆ. ಸರದಿ ಪ್ರಕಾರ ಒಬ್ಬೊಬ್ಬರು ಒಂದೊಂದು ದಿನ ಅಂಗಡಿ ಇಟ್ರು. ಯಾವುದೋ ಒಂದಿನ ಅಂಗಡಿ ಸೋತೂ ಹೋತು, ಆದ್ರ ನಾಕು ದಿನದ್ದು ಕೂಡಿಸಿದ್ರ ಗೆದ್ದದ್ದು ಅಂಗಡಿನಽ. ಆಗ ಬಾಜೂಮನಿ ಹುಡುಗಿ ಸುಮ್ಮನ ಕೂತು ಕೂತು ಒಮ್ಮೆಲೆ ಹೇಳಿದ್ಳು: "ಮಾಮಿ, ಹತ್ತೂ ನಂಬರಿಗೆ ಒಂದೊಂದು ಹಚ್ಚಿದ್ರ ಖಾತ್ರಿ ಬಂದಽ ಬರತದ. ಆದ್ರ ಹತ್ತು ಕೊಟ್ಟು ಎಂಟು ತೊಗೋಬೇಕು!"

ಇಷ್ಟಽ ನೋಡ್ರಿ. ನಮ್ಮ ಕಡೆ ಮಟಕಾದವರು ಎರಡಂಕಿ ನಂಬರಿಗೆ ಒಂದಕ್ಕ ಎಂಬತ್ತು ಅಂತಿದ್ರು. 00 ರಿಂದ 99 ರತನಕ ನಂಬರು 100. ನೂರೂ ನಂಬರಿಗೆ ಒಂದೊಂದು ರೂಪಾಯಿ ಹಚ್ಚಿದ್ರ 100 ಹೋಗತದ, 80 ಬರತದ. ನಂಬರ್ ತಗಿಯೋರು ದೇವರಂಥಾ ಮನಷ್ಯಾರಿದ್ರೂ ನೂರಕ್ಕ ಇಪ್ಪತ್ತು ಅವರಿಗಽ. ಕಾಕಾ ಆ ನೋಟಬುಕ್ಕಿನ್ಯಾಗ ಸಾವಿರ ನಂಬರು ಬರದ್ರು, ಈ ಒಂದು ವಜಾಬಾಕಿ ಬರೀಲಿಲ್ಲ.

ಈಗ ಒಂದು ಬ್ಯಾರೆ ಮಾತು. ಇದು ನಮ್ಮ ಹೆಣಮಕ್ಕಳ ಮಾತು, ಹಂಗಾಗಿ ಇಲ್ಲೇ ಹೇಳತೇನಿ.

ಒಂದಿನ ಹುಡುಗೂರು ಆಡೋವಾಗ ನಮ್ಮ ಸಂಬಂಧಿಕರ ಪೈಕಿ ಹಿರ್ಯಾರೊಬ್ಬರು ಬಂದು ಕೂತಿದ್ರು. ಅವರ ಸೊಸಿಗೆ ಎರಡು ಹೆಣ್ಣು. ಎರಡನೇ ಬಾಣಂತನದಾಗ ಅಕಿ ಭಾಳ ತ್ರಾಸ ಪಟ್ಟಾಳ, ಇನ್ನ ಬ್ಯಾಡ ಅಂತ ಡಾಕ್ಟ್ರು ಹೇಳ್ಯಾರ. ಇವರು ಚಹಾ ಕುಡಕೋತ ಅಂದ್ರು, "ಎರಡು ಹೆಣ್ಣಾದ್ವಲ್ಲ, ಮೂರನೇದು ಗಂಡಽ ಆಗತದ. ಇನ್ನೊಂದು ನೋಡಲಿಕ್ಕೆ ಏನು?"

ಬೀಜ ಒಗೀತಿದ್ದ ಹುಡುಗಿ ತಲಿ ಎತ್ತದಽ ಅಂದ್ಳು, "ಅಜ್ಜಿ, ಬೀಜಕ್ಕ ನೆನಪಿರಂಗಿಲ್ಲ."

ಪಡಸಾಲ್ಯಾಗ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ನಮ್ಮ ಅಬಚಿ ನೆನಪಾತು ನನಗ. ನಾಕು ಹೆಣ್ಣು ಹಡದ್ಳು. ಪ್ರತಿ ಸಲ "ಈ ಸಲ ಗಂಡಽ" ಅಂದ್ರು. ನಾಕನೇದಾದ ಮ್ಯಾಲೆ ಅಕಿಗೆ ಏನೇನಂದ್ರು ಅಂತ ನಾ ಬರಿಯಂಗಿಲ್ಲ, ನಿಮಗೆಲ್ಲಾ ಅಂದಾಜದ. ಈಗ ಅದಽ 1-4-6-4-1 ಸಾಲು ನೋಡ್ರಿ. ಬೀಜದ ಬದಲಿ ಕೂಸು ಅಂತ ತಿಳೀರಿ. ನಾಕು ಮಕ್ಕಳಿರೋ 16 ಮನಿ ತೊಗೊಂಡ್ರ ಹೆಚ್ಚು ಕಡಿಮಿ ಒಂದು ಮನ್ಯಾಗ ನಾಕೂ ಹೆಣ್ಣು, ಒಂದು ಮನ್ಯಾಗ ನಾಕೂ ಗಂಡು. ಕರೆಕ್ಟ್ ಹೇಳಬೇಕಂದ್ರ ಹುಟ್ಟೋವಾಗ ಗಂಡು ಒಂಚೂರು ಹೆಚ್ಚು, 100 ಹೆಣ್ಣಿಗೆ ಸುಮಾರು 105 ಗಂಡು. ಆದ್ರ ಸಾಲು ಹೆಚ್ಚು ಬದಲಾಗಂಗಿಲ್ಲ. ಅಬಚಿ ಆ ಹದಿನಾರರಾಗ ಒಂದು ಮನಿಯಾಕಿ. ಅಷ್ಟ. ಅಕಿ ಪಾಪ ಮಾಡಿರಲಿಲ್ಲ, ಅಕಿ ಜಾತಕದಾಗ ದೋಷ ಇರಲಿಲ್ಲ. ಹೆಣ್ಣೋ ಗಂಡೋ ಅನ್ನೋದು ತೀರ್ಮಾನ ಆಗೋದು ಅಪ್ಪನ ಕಡಿಯಿಂದ ಬರೋ ಬೀಜದಾಗ ಅಂತ ವಿಜ್ಞಾನದ ಪಾಠ ಹೇಳತದ, ಆದ್ರ ಮಾತು ಕೇಳಿದಾಕಿ ಅಬಚಿ. ಐದನೇದು ಆಗಿದ್ರ ಅದೂ ಅರ್ಧಾ ಅರ್ಧಾನಽ ಇರತಿತ್ತು.

ಕಾಕುನ ಪಾಟ್ಲಿ ನುಂಗಿದ್ದು ಮತ್ತ ಅಬಚಿ ಜೀವಾ ಹಿಂಡಿದ್ದು ಎರಡೂ ಒಂದಽ ತಪ್ಪು ಲೆಕ್ಕ. "ಇಷ್ಟು ಸಲ ಆಗಿಲ್ಲ, ಇನ್ನ ಆಗಲೇಬೇಕು." ಈ ಲೆಕ್ಕ ತಪ್ಪು ಅಂತ ಹನ್ನೆರಡು ವರ್ಷದ ಹುಡುಗಿಗೆ ನಾಕು ಹುಣಸಿ ಬೀಜದಾಗ ತಿಳೀತದಂದ್ರ, ಅದನ್ನ ಜೂಜು ಅಂತ ಹೆದರಿ ಬಿಡಬೇಕೇನು?

ಡಾಕ್ಟ್ರು "ನೂರಾಗ ಒಬ್ಬರಿಗೆ ಹಿಂಗಾಗಬಹುದು" ಅಂದ್ರ ರಾತ್ರಿಯಿಡೀ ನಿದ್ದಿಗೆಡತೇವಿ, ಇಲ್ಲಾ ಆ ಕಾಗದ ಓದದಽ ಸಹಿ ಮಾಡತೇವಿ. ಎರಡೂ ಲೆಕ್ಕ ಗೊತ್ತಿಲ್ಲದ್ದಕ್ಕ. ನೂರಾಗ ಒಂದು ಅಂದ್ರ ಎಷ್ಟು ಅಂತ ಕೈಗೆ ಗೊತ್ತಿರಬೇಕು.

ಪುರಾಣ ಬೇಕನ್ನೋರಿಗೆ ನಳ-ದಮಯಂತಿ ಕಥಿ ನೆನಪ ಮಾಡತೇನಿ. ನಳ ಪುಷ್ಕರನ ಜೋಡಿ ಜೂಜಾಡಿ ರಾಜ್ಯ ಕಳಕೊಂಡ, ಅವನ ಮೈಯಾಗ ಕಲಿ ಹೊಕ್ಕಿದ್ದ, ಅದು ನಮಗೆಲ್ಲಾ ಗೊತ್ತು. ಆದ್ರ ಕಲಿ ಹೊರಗ ಬಂದದ್ದು ಯಾವಾಗ? ಋತುಪರ್ಣ ರಾಜಾ ಒಂದು ತಾರೀ ಗಿಡದ ಎಲಿ, ಕಾಯಿ ಎಷ್ಟವ ಅಂತ ನೋಡನೋಡತ ಹೇಳಿದ. ತ್ರಿಫಲದಾಗ ಹಾಕತೇವಲ್ಲ, ಅದಽ ತಾರೀಕಾಯಿ. ಹಿಂದಿನ ಕಾಲದಾಗ ಅದರ ಕಾಯಿನಽ ದಾಳ. ನಳ ಕೆಳಗಿಳದು ಎಣಿಸಿ ನೋಡಿ ಬೆರಗಾದ. ಆಗ ಋತುಪರ್ಣ ಅವನಿಗೆ ಅಕ್ಷಹೃದಯ ಅನ್ನೋ ವಿದ್ಯಾ ಕೊಟ್ಟ. ಅದು ದಾಳದ ವಿದ್ಯಾ, ಸಂಖ್ಯಾದ ವಿದ್ಯಾ. ಆ ವಿದ್ಯಾ ಬಂದ ಕೂಡಲೇ ಕಲಿ ನಳನ ಮೈ ಬಿಟ್ಟು ಹೊರಗ ಬಿದ್ದ! ಮಹಾಭಾರತ ಇದನ್ನ ವನಪರ್ವದಾಗ ಹೇಳತದ, ಅದೂ ಜೂಜಿನ್ಯಾಗ ಸೋತು ಕಾಡಿಗೆ ಬಂದ ಧರ್ಮರಾಯನ ಮುಂದ. ಕಥಿ ಹೇಳಿದ ಬೃಹದಶ್ವ ಋಷಿ ಧರ್ಮರಾಯಗೂ ಆ ವಿದ್ಯಾ ಕೊಟ್ಟು ಹೋದ್ರು. ಸೋತವಗ "ದಾಳದ ಹೆಸರು ತಗೀಬ್ಯಾಡ" ಅಂತ ಹೇಳಲಿಲ್ಲ ಆ ಋಷಿ. ಕಲಿ ಅಂದ್ರಿ.

ನಳ ಆಮ್ಯಾಲೆ ಮತ್ತ ಆಡಿ ರಾಜ್ಯ ಗೆದ್ದ ಅನ್ನೋದು ಖರೇ. ಆ ಭಾಗ ಹೇಳೋವಾಗ ನಾ ಮಕ್ಕಳಿಗೆ ಬಿಡಿಸಿ ಹೇಳತೇನಿ: ಅಂಗಡಿ ಎದುರು ಯಾವ ವಿದ್ಯಾದಿಂದಾನೂ ಗೆಲ್ಲಂಗಿಲ್ಲ. ಅಲ್ಲಿ ಲೆಕ್ಕ ಕಲತಾವ ಆಡಂಗಽ ಇಲ್ಲ.

ಕಾಕುನ ಮಾತಿನಾಗ ಹುರುಳಿಲ್ಲ ಅಂತ ನಾ ಅನ್ನಂಗಿಲ್ಲ. ಆ ಹುಡುಗ ಎರಡು ಸಲ ಗೆದ್ದು ಕುಣದದ್ದು ನಾನೂ ನೋಡೇನಿ. ಆ ಕುಣತದ ರುಚಿ ಹತ್ತಿದ್ರ ಕಷ್ಟ ಅದ. ಈಗಿನ ಮಕ್ಕಳಿಗೆ ಮಟಕಾ ಅಂಗಡಿ ಹುಡುಕೋ ಕೆಲಸ ಇಲ್ಲ, ಫೋನಿನ್ಯಾಗಽ ಇತ್ತು. ನಮ್ಮ ಬಳಗದಾಗಽ ಒಬ್ಬ ಇಂಜಿನಿಯರ್ ಹುಡುಗ ರಮ್ಮಿ ಆಡಿ ಆರು ತಿಂಗಳ ಪಗಾರ ಕಳಕೊಂಡ. ಓದಿದವನಽ ಅವ, ಸೂತ್ರ ಬರತಿತ್ತು. ಸೂತ್ರ ಬ್ಯಾರೆ, ಕೈಗೆ ತಿಳಿಯೋದು ಬ್ಯಾರೆ. 2007ರಾಗ ನಮ್ಮ ರಾಜ್ಯದಾಗ ಲಾಟರಿ ಬಂದ್ ಆತು. 2025ರ ಆಗಸ್ಟಿನ್ಯಾಗ ರೊಕ್ಕ ಕಟ್ಟಿ ಆಡೋ ಆನ್‌ಲೈನ್ ಆಟಕ್ಕ ಕೇಂದ್ರ ಸರಕಾರ ಕಾಯ್ದೆ ತಂದು ನಿಷೇಧ ಹಾಕ್ತು. ಛಲೋ ಆತು. ಆದ್ರ ಕಾಯ್ದೆ ಬಾಗಲ ಕಾಯತದ, ತಲಿ ಕಾಯಂಗಿಲ್ಲ. ಒಂದು ಬಾಗಲ ಮುಚ್ಚಿದ್ರ ಇನ್ನೊಂದು ಹೆಸರಿನ್ಯಾಗ ಬರತದ.

ಇನ್ನೊಂದು. ಚಟ ಹಿಡದ ಮ್ಯಾಲೆ ಲೆಕ್ಕ ಹೇಳಿದ್ರ ನಡಿಯಂಗಿಲ್ಲ, ಅದು ಜಡ್ಡು. ಅದಕ್ಕ ಡಾಕ್ಟ್ರು ಬೇಕು. ನಮ್ಮ ಧಾರವಾಡದಾಗ ಡಿಮ್ಹಾನ್ಸ್ ಅದ, ಬೆಂಗಳೂರಿನ ನಿಮ್ಹಾನ್ಸಿನ್ಯಾಗ ಫೋನು, ಆಟದ ಚಟಕ್ಕಂತಽ 2014ರಿಂದ ಬ್ಯಾರೆ ವಿಭಾಗ ನಡದದ. ಮುಚ್ಚಿಡದಽ ಕರಕೊಂಡು ಹೋಗ್ರಿ. ನಾ ಹೇಳೋದು ಜಡ್ಡು ಬರೋಕಿಂತ ಮೊದಲಿನ ಮಾತು.

ಹಂಗಾಗಿ ನಮ್ಮ ಪಡಸಾಲ್ಯಾಗ ನಾಕು ಕಟ್ಟಳಿ ಮಾಡೇನಿ. ರೊಕ್ಕ ಇಲ್ಲ, ಹತ್ತು ಪೈಸಾನೂ ಇಲ್ಲ. ಫೋನ್ ಇಲ್ಲ, ಕೈಲೇ ಒಗೀಬೇಕು. ಆಡೋಕಿಂತ ಮೊದಲು ಏನಾಗಬಹುದು ಅಂತ ಬರೀಬೇಕು, ಆಡಿದ ಮ್ಯಾಲೆ ಏನಾತು ಅಂತ ಬರೀಬೇಕು. ಮತ್ತ ಪ್ರತಿ ಕೂಸೂ ಒಂದು ದಿನ ಅಂಗಡಿ ಬಾಜೂ ಕೂಡಬೇಕು. ಆ ಕಡೆ ಕೂತು ಒಮ್ಮೆ ನೋಡಿದವರಿಗೆ ಈ ಕಡೆಯ ಆಶಾ ಹೋಗತದ.

ಇದನ್ನೆಲ್ಲಾ ಬರಿಯೋಕಿಂತ ಮೊದಲು ಕಾಕುನ ಮನಿಗೆ ಹೋಗಿ ಬಾಯಿಲೇ ಹೇಳಿ ಬಂದೆ, ಅಕಿ ಅಪ್ಪಣಿ ಇಲ್ಲದ ಅಕಿ ಸುದ್ದಿ ಬರಿಯೋದು ಸರಿಯಲ್ಲ. ನೂರು ಕೊಟ್ಟು ಎಂಬತ್ತು ತೊಗೊಳ್ಳೋ ಲೆಕ್ಕ ಹೇಳಿದೆ. ಕಾಕು ಬತ್ತಿ ಹೊಸಿಯೋದು ನಿಲ್ಲಿಸಿ ಸುಮ್ಮನ ಕೂತ್ಳು. "ಇಷ್ಟ ಸಣ್ಣ ಲೆಕ್ಕ ಅವರಿಗೆ ಯಾರೂ ಹೇಳಲಿಲ್ಲೇನವಾ?" ಅಂದ್ಳು. ಆಮ್ಯಾಲೆ ತಾನಽ, "ಹೇಳಿದ್ರೂ ಬಿಡತಿದ್ರೋ ಇಲ್ಲೋ. ಆದ್ರ ನನಗರ ಗೊತ್ತಿದ್ರ ಪಾಟ್ಲಿ ಬಿಚ್ಚಿ ಕೊಡತಿದ್ದಿಲ್ಲ" ಅಂದ್ಳು.

ಆ ಮಾತು ಇನ್ನೂ ನನ್ನ ಕಿವ್ಯಾಗದ. ಲೆಕ್ಕ ಬರೇ ಆಡೋ ಗಂಡಸರಿಗೆ ಬೇಕು ಅಂತ ತಿಳಕೊಂಡಿದ್ದೆ ನಾನೂ. ರೊಕ್ಕ ತಗದು ಕೊಡೋ ಕೈಗೂ ಬೇಕು.

ಈ ಸಲ ದೀಪಾವಳಿ ಪಾಡ್ಯಾಕ್ಕ ಅಟ್ಟದ ಮ್ಯಾಲಿನ ಕವಡಿ ಚೀಲ ಕೆಳಗಿಳಸತೇನಿ. ಅಕ್ಕಾರ, ವೈನಿಗೋಳ, ಮಧ್ಯಾನ್ಹ ಊಟಾ ಮುಗಿಸಿ ಮಕ್ಕಳನ್ನ ಕರಕೊಂಡು ಬರ್ರಿ. ಒಂದೊಂದು ಹಾಳಿ, ಒಂದೊಂದು ಪೆನ್ಸಿಲ್ ತರ್ರಿ, ಶೇಂಗಾ ನಾ ಹುರದಿಡತೇನಿ. ಕಾಕುನೂ ಬರತೇನಂದಾಳ. "ನಾ ಮಾತ್ರ ಆಡಂಗಿಲ್ಲ ನೋಡು, ಬಾಜೂ ಕೂತು ಎಣಿಸತೇನಿ" ಅಂತ ಕರಾರು ಹಾಕ್ಯಾಳ. ನನಗ ಬೇಕಾದ್ದೂ ಅಷ್ಟ.